ಎಡಗಿವಿಯ ಬದಿ

ಫೆಬ್ರವರಿ 4, 2025, ಮಂಗಳವಾರ

ಹಿಂದಿನ ಟಯರ್ ಬದಲಿಸಿಯಾಯ್ತು. ವೈಪರ್ ಹಾಗೆಯೇ ಉಂಟು. ಮಳೆಗಾಲಕ್ಕೆ ಮೊದಲು ಮಾಡಿಸುವ ಎಂದರು ಶೋಧನ್ ಶೆಟ್ರು. ಬಸ್ಸು ಅವರದ್ದು. ಬಿಡುವವನು ಮಾತ್ರ ನಾನು.

ಬೆಳಿಗ್ಗಿನ ಎರಡು ಟ್ರಿಪ್ ಮುಗಿಸಿ, ಬೆಳ್ತಂಗಡಿ ಟ್ರಿಪ್ಪಿಗೆ ಬದಲಿ ಡ್ರೈವರನನ್ನು ಹತ್ತಿಸಿ, ಬಂಟ್ವಾಳ ತಾಲೂಕು ಆಸ್ಪತ್ರೆಗೆ ಹೋದೆ. ಎಡಗಿವಿ. ಒಂದು ತಿಂಗಳಿನಿಂದ ದಿಂಬಿನ ಮೇಲೆ ಹಳದಿ ಕಲೆ. ಸರಸ ಒಗೆದು ಒಗೆದು ಸಾಕಾಗಿ, ನೀವು ಹೋಗದಿದ್ದರೆ ದಿಂಬು ಬಿಸಾಡ್ತೇನೆ ಎಂದಿದ್ದಳು.

ಡಾಕ್ಟ್ರು ಕಬ್ಬಿಣದ ಕವೆಯ ಹಾಗಿನ ಒಂದು ಸಾಧನ ಬಡಿದು ಕಿವಿಯ ಹತ್ತಿರ ಹಿಡಿದರು. "ಕೇಳ್ತದಾ?" ಬಲಗಿವಿಗೆ ಕೇಳಿತು. ಎಡಗಿವಿಯ ಹತ್ತಿರ ಹಿಡಿದದ್ದು ಕಂಡಿತು, ಹಾಗಾಗಿ ಕೇಳ್ತದೆ ಎಂದೆ. ಅವರು ನಕ್ಕು ಕಣ್ಣು ಮುಚ್ಚಲಿಕ್ಕೆ ಹೇಳಿದರು. ಮುಚ್ಚಿದೆ. ಕಾದೆ. ಕಣ್ಣು ಬಿಟ್ಟಾಗ ಅವರು ಚೀಟಿ ಬರೆಯುತ್ತಾ ಇದ್ದರು.

ಪರದೆ ತೂತಾಗಿದೆಯಂತೆ. ಒಳಗೆ ಎಲುಬನ್ನೂ ತಿನ್ನುತ್ತಿರಬಹುದಂತೆ. ಮಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. ಆಪರೇಷನ್.


ಫೆಬ್ರವರಿ 20, ಗುರುವಾರ

ಪ್ರಾಪ್ತಿ ಕಾಲೇಜಿಗೆ ರಜೆ ಹಾಕಿ ಜೊತೆಗೆ ಬಂದಳು. ಡಿಗ್ರಿ ಕೊನೆಯ ವರ್ಷ, ಈಗ ಅಪ್ಪನನ್ನು ಕರೆದುಕೊಂಡು ಹೋಗುವಷ್ಟು ದೊಡ್ಡವಳು.

ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಶಬ್ದ ಕೇಳಿದರೆ ಗುಂಡಿ ಒತ್ತಬೇಕು. ಎಡಗಿವಿಯ ಸರದಿ ಬಂದಾಗ ಸುಮ್ಮನೆ ಕೂರುವುದಕ್ಕೆ ನಾಚಿಕೆಯಾಗಿ ಆಗಾಗ ಒತ್ತಿದೆ. ಗಾಜಿನ ಆಚೆಯ ಹುಡುಗಿ ಬಾಗಿಲು ತೆರೆದು, "ಅಂದಾಜಿಗೆ ಒತ್ತಬೇಡಿ" ಎಂದಳು.

ಡಾಕ್ಟ್ರು ಕೇಳಿದರು, "ಕೆಲಸ ಎಂತ?"

"ಕೃಷಿ."

ಅವರು ಬರೆದುಕೊಂಡರು. ಪ್ರಾಪ್ತಿ ನನ್ನ ಮುಖ ನೋಡಿದಳು. ಎಡಗಿವಿ ಹೆಚ್ಚುಕಡಿಮೆ ಇಲ್ಲ ಎಂದೇ ಲೆಕ್ಕ ಎಂದರು. ತಲೆ ತಿರುಗಬಹುದು, ಮರ ಹತ್ತಬಾರದು, ವಾಹನ ಬಿಡಬಾರದು, ಕಿವಿಗೆ ನೀರು ಹೋಗಬಾರದು. ಚೀಟಿಯಲ್ಲೂ ಹಾಗೆಯೇ ಬರೆದು ಸೀಲು ಹಾಕಿ ಕೊಟ್ಟರು. ಆಪರೇಷನ್ ಮಾಡಿದರೆ ಕಾಯಿಲೆ ನಿಲ್ಲುತ್ತದೆ, ಕೇಳುವುದು ಎಷ್ಟು ವಾಪಸ್ ಬರ್ತದೆ ಎಂದು ಆಮೇಲೆ ನೋಡುವ. ವಾರಕ್ಕೆ ಎರಡು ದಿನ ಆಪರೇಷನ್, ನಾಲ್ಕೈದು ಜಿಲ್ಲೆಯ ಜನ. ಹೆಸರು ಬರೆದುಕೊಂಡಿದ್ದಾರೆ. ಎಂಟು ತಿಂಗಳಾಗಬಹುದು, ಹತ್ತೂ ಆಗಬಹುದು. ಫೋನ್ ಬರ್ತದೆ.

ವಾಪಸ್ ಬರುವಾಗ ಪ್ರಾಪ್ತಿ ಫರಂಗಿಪೇಟೆಯವರೆಗೆ ಕಿಟಕಿಯ ಹೊರಗೆ ನೋಡ್ತಾ ಇದ್ದಳು. ಆಮೇಲೆ, "ಪಪ್ಪ, ನಮ್ಮ ತೋಟ ಎಲ್ಲಿ ಉಂಟು?" ಎಂದಳು.

ನಗಾಡಿದೆ. ಅವಳು ನಗಲಿಲ್ಲ.


ಮಾರ್ಚ್ 9, ಭಾನುವಾರ

ಪ್ರಾಪ್ತಿಯ ಒತ್ತಾಯಕ್ಕೆ ನಿನ್ನೆ ಮೂಡಬಿದ್ರೆಯಲ್ಲಿ ಒಂದು ಪ್ರೈವೇಟ್ ಆಸ್ಪತ್ರೆಗೆ ಹೋದದ್ದು. ಚಂದ ಉಂಟು. ಸೋಫಾ, ಮೀನಿನ ತೊಟ್ಟಿ. ಹತ್ತು ನಿಮಿಷದಲ್ಲಿ ಒಳಗೆ ಕರೆದರು. ಅಲ್ಲಿ ಸರ್ಕಾರಿ ಕಾರ್ಡು ನಡೆಯುವುದಿಲ್ಲ. ತೊಂಬತ್ತು ಸಾವಿರ. ಮುಂದಿನ ಬುಧವಾರ ಬೇಕಾದರೂ ಮಾಡ್ತೇವೆ ಎಂದರು. ಒಂದು ತಿಂಗಳು ರೆಸ್ಟ್.

ಮನೆಯಲ್ಲಿ ಇವತ್ತು ಅದೇ ಮಾತು.

"ಮಾಡಿಸಿಬಿಡಿ," ಎಂದಳು ಸರಸ. ಬೀಡಿ ಕಟ್ಟುವ ಕೈ ನಿಲ್ಲಿಸಲಿಲ್ಲ. "ಹೇಗಾದರೂ ಆಗ್ತದೆ."

"ಅದೇ ಆಪರೇಷನ್ ದೊಡ್ಡಾಸ್ಪತ್ರೆಯಲ್ಲಿ ಧರ್ಮಕ್ಕೆ ಆಗ್ತದೆ. ಹೆಸರು ಕೊಟ್ಟಾಗಿದೆ. ಕಾಯುವ."

"ನೀವು ಕಾಯ್ತೀರಿ ಪಪ್ಪ," ಎಂದಳು ಪ್ರಾಪ್ತಿ. "ಎಲುಬು ಕಾಯ್ತದಾ?"

ಅವಳಿಗೆ ಗೊತ್ತಿಲ್ಲದ್ದು ಒಂದುಂಟು. ಒಂದು ತಿಂಗಳು ರಜೆ ಯಾಕೆ ಎಂದು ಶೋಧನ್ ಶೆಟ್ರು ಕೇಳ್ತಾರೆ. ಕಿವಿ ಎಂದರೆ ಮತ್ತೆ ಸ್ಟಿಯರಿಂಗ್ ಕೊಡುವುದಿಲ್ಲ. ಮಸ್ಕತ್ತಿನಲ್ಲಿ ಹನ್ನೆರಡು ವರ್ಷ, ಇಲ್ಲಿ ಹದಿನಾಲ್ಕು. ಬೇರೆ ಕೆಲಸ ನನಗೆ ಬರುವುದಿಲ್ಲ.


ಮಾರ್ಚ್ 27, ಗುರುವಾರ

ಡ್ರೈವರನ ಎಡಗಿವಿ ಎಂದರೆ ಇಡೀ ಬಸ್ಸು. ಬಲಗಿವಿಗೆ ರಸ್ತೆ ಮಾತ್ರ. ಹೋದದ್ದು ಎಡದ್ದೇ.

ಕಂಡಕ್ಟರ್ ನಿಝಾಮ್ ಹಿಂದಿನ ಬಾಗಿಲಲ್ಲಿ ನಿಲ್ಲುತ್ತಾನೆ. ಒಂದು ವಿಸಿಲ್ ಊದಿದರೆ ನಿಲ್ಲಿಸು, ತಡಿ, ಜನ ಇಳೀತಾ ಇದ್ದಾರೆ. ಎರಡು ಊದಿದರೆ ರೈಟ್, ಹೋಗುವ. ಈಗ ನನಗೆ ಹತ್ತರಲ್ಲಿ ಎರಡು ಸಲ ಕೇಳಿದರೆ ಹೆಚ್ಚು. ಉಳಿದದ್ದು ಕನ್ನಡಿ ನೋಡಿ. ಕನ್ನಡಿಯಲ್ಲಿ ಅವನ ಕೈ ಕಾಣದಿದ್ದರೆ ಐದು ಎಣಿಸ್ತೇನೆ. ಐದರಲ್ಲಿ ಎಲ್ಲರೂ ಇಳಿದಿರ್ತಾರೆ.

ನಿಝಾಮನಿಗೆ ಸಂಶಯ ಇಲ್ಲ. "ಸುಧಾಕರಣ್ಣನಿಗೆ ವಿಸಿಲೇ ಬೇಡ, ನನ್ನ ಮನಸ್ಸು ಗೊತ್ತಾಗ್ತದೆ" ಎಂದು ಇವತ್ತು ಹೋಟೆಲಿನಲ್ಲಿ ಎಲ್ಲರ ಎದುರು ಹೇಳಿದ. ಚಾ ಅರ್ಧಕ್ಕೆ ಬಿಟ್ಟು ಎದ್ದೆ.

ವಾಗ್ದೇವಿ ಟೀಚರಿಗೆ ಸ್ವಲ್ಪ ಗೊತ್ತಾಗಿರಬೇಕು. ಹನ್ನೊಂದು ವರ್ಷದಿಂದ ಬಂಟ್ವಾಳ ಪೇಟೆಯಲ್ಲಿ 8.05ಕ್ಕೆ ಹತ್ತಿ, ಸಿದ್ದಕಟ್ಟೆ ದಾಟಿ ಶಾಲೆ ಸ್ಟಾಪಿನಲ್ಲಿ ಇಳಿಯುವವರು. ಮುಂದಿನ ಬಾಗಿಲು, ಮುಂದಿನ ಸೀಟು. ಪ್ರಾಪ್ತಿಗೂ ಅವರೇ ಕಲಿಸಿದ್ದು. ಇಳಿಯುವಾಗ ಏನೋ ಕೇಳಿದರು. ಹೌದು ಟೀಚರ್ ಎಂದೆ. ಅವರು ಮುಂದೆ ಬಂದು ನನ್ನ ಮುಖ ನೋಡಿ, "ಮಗಳ ಪರೀಕ್ಷೆ ಯಾವಾಗ ಅಂತ ಕೇಳಿದ್ದು ಮಾರಾಯ. ಹೌದು ಅಂದರೆ ಯಾವ ತಾರೀಕು?" ಎಂದರು.

ನಕ್ಕುಕೊಂಡೇ ಇಳಿದರು.


ಮೇ 18, ಭಾನುವಾರ

ಪ್ರೈವೇಟಿಗೆ ಫೋನ್ ಮಾಡಿ ಬೇಡ ಎಂದೆ.

ಪ್ರಾಪ್ತಿ ನನಗೆ ಹೇಳದೆ ಡೇಟ್ ತೆಗೆದುಕೊಂಡಿದ್ದಳು, ಮೇ 26. ಅಡ್ವಾನ್ಸ್ ಸಹ ಕಟ್ಟಿದ್ದಳು — ಟ್ಯೂಷನ್ ಕೊಟ್ಟು ಉಳಿಸಿದ್ದು. ವಾರವಿಡೀ ಯೋಚನೆ ಮಾಡಿದೆ. ಒಮ್ಮೆ ಹೋಗಿಯೇ ಬಿಡುವ ಎಂದು ಚೀಲ ಸಹ ತುಂಬಿಸಿಟ್ಟೆ. ಆದರೆ ಮದುವೆ ಸೀಸನ್. ಸ್ಪೆಷಲ್ ಟ್ರಿಪ್ಪಿಗೆ ನೀನೇ ಬೇಕು, ಇಲ್ಲದಿದ್ದರೆ ವೇಣೂರಿನ ಬದಲಿ ಡ್ರೈವರನಿಗೆ ಖಾಯಂ ಕೊಡ್ತೇನೆ ಎಂದರು ಶೆಟ್ರು. ತಮಾಷೆಯ ಹಾಗೆ ಹೇಳಿದರು, ಆದರೆ ತಮಾಷೆ ಅಲ್ಲ.

ದೊಡ್ಡಾಸ್ಪತ್ರೆಯ ಪಟ್ಟಿಯಲ್ಲಿ ಹೆಸರು ಉಂಟಲ್ಲ. ಮಳೆಗಾಲ ಕಳೆದರೆ ಅವರೇ ಕರೀತಾರೆ. ಇನ್ನೊಂದು ಕಿವಿ ಉಂಟು.

ಪ್ರಾಪ್ತಿ ಊಟಕ್ಕೆ ಬರಲಿಲ್ಲ.


ಜೂನ್ 11, ಬುಧವಾರ

ಟೀಚರ್ ಬಿದ್ದರು. ಶಾಲೆ ಸ್ಟಾಪಿನಲ್ಲಿ.

ಬರೆಯಲಿಕ್ಕೆ ಆಗುವುದಿಲ್ಲ.


ಜೂನ್ 16, ಸೋಮವಾರ

ಇವತ್ತು ಬೆಳಿಗ್ಗೆ ಹೋದರು. ಐದು ದಿನ ಪ್ರಜ್ಞೆ ಇರಲಿಲ್ಲ.

ಬರೀತೇನೆ. ಇಲ್ಲಿ ಅಲ್ಲದಿದ್ದರೆ ಎಲ್ಲಿಯೂ ಬರೆಯಲಿಕ್ಕಿಲ್ಲ.

ಆ ದಿನ ಜೋರು ಮಳೆ. ಕಿಟಕಿಯ ಟರ್ಪಾಲ್ ಎಲ್ಲ ಇಳಿಸಿತ್ತು. ಶಾಲೆ ಕಾಲೇಜು ಶುರುವಾದ ರಶ್ಶು, ಮುಂದಿನ ಬಾಗಿಲಲ್ಲಿ ಮಕ್ಕಳು ನೇತಾಡ್ತಾ ಇದ್ದರು. ಟೀಚರಿಗೆ ಮುಂದೆ ಜಾಗ ಸಿಗದೆ ಹಿಂದೆ ಹೋಗಿದ್ದರು. ನನಗೆ ಅದು ಗೊತ್ತಿರಲಿಲ್ಲ.

ಸ್ಟಾಪಿನಲ್ಲಿ ನಿಲ್ಲಿಸಿದೆ. ಕನ್ನಡಿಯ ತುಂಬ ನೀರು. ನಿಝಾಮ್ ಕಾಣಲಿಲ್ಲ, ಬಾಗಿಲೂ ಕಾಣಲಿಲ್ಲ. ಐದು ಎಣಿಸಿದೆ. ಬಿಟ್ಟೆ.

ವಿಸಿಲ್ ನನಗೆ ಕೇಳಲಿಲ್ಲ. ಒಂದೂ ಇಲ್ಲ, ಎರಡೂ ಇಲ್ಲ.

ಜನ ಬಸ್ಸಿನ ಮೈಗೆ ಬಡಿದದ್ದು ಸಹ ಕಿವಿಗೆ ಬರಲಿಲ್ಲ, ಸ್ಟಿಯರಿಂಗಿನಲ್ಲಿ ಕೈಗೆ ಗೊತ್ತಾಯಿತು. ಬ್ರೇಕ್ ಹಾಕಿ ಇಳಿದೆ. ಟೀಚರ್ ಚರಂಡಿಯ ಕಲ್ಲಿನ ಬದಿಯಲ್ಲಿ ಬಿದ್ದಿದ್ದರು. ನಿಝಾಮ್ ಅವರ ತಲೆ ತೊಡೆಯ ಮೇಲೆ ಇಟ್ಟು ಕೂತಿದ್ದ. ಮಳೆಯ ನೀರು ಅವನ ಪ್ಯಾಂಟಿನಿಂದ ಕೆಂಪಾಗಿ ಹರಿಯುತ್ತಾ ಇತ್ತು. ಅವನ ಬಾಯಿ ಅಲ್ಲಾಡುತ್ತಿತ್ತು. ನನಗೆ ಏನೋ ಹೇಳ್ತಾ ಇದ್ದ. ಅದು ಸಹ ಮಳೆಯಲ್ಲಿ ಕೇಳಲಿಲ್ಲ.

ಮೇ 26ಕ್ಕೆ ಹೋಗಿದ್ದರೆ ಜೂನ್ 11ಕ್ಕೆ ನಾನು ಮನೆಯಲ್ಲಿ ಇರ್ತಿದ್ದೆ. ರೆಸ್ಟಿನಲ್ಲಿ. ವೇಣೂರಿನವನು ಬಸ್ಸು ಬಿಡ್ತಿದ್ದ.


ಜೂನ್ 19, ಗುರುವಾರ

ಸ್ಟೇಷನ್. ಶೋಧನ್ ಶೆಟ್ರು ಪಕ್ಕದ ಕುರ್ಚಿಯಲ್ಲಿ. ನಿಝಾಮ್ ಹೊರಗೆ ಬೆಂಚಿನಲ್ಲಿ.

ಎಸ್‌ಐ ಕೇಳಿದರು, "ಕಂಡಕ್ಟರ್ ವಿಸಿಲ್ ಊದಿದನಾ?"

"ಊದಿದ."

"ಎಷ್ಟು?"

ಶೆಟ್ರು ಫೋನ್ ನೋಡ್ತಾ ಇದ್ದರು. ಹೀಗೆ ಹೇಳು ಎಂದು ಅವರೇನೂ ಹೇಳಿರಲಿಲ್ಲ. ನನ್ನ ಬಾಯಿಯಿಂದಲೇ ಬಂತು.

"ಎರಡು."

ಬರೆದರು. ಓದಿ ಹೇಳಿದರು. ಸಹಿ ಹಾಕಿದೆ.

ಹೊರಗೆ ಬಂದಾಗ ನಿಝಾಮ್ ಎದ್ದು ನಿಂತ. "ಆಯ್ತಾ ಅಣ್ಣ? ನೀರು ಕುಡೀತೀರಾ?" ಎಂದು ಬಾಟ್ಲಿ ಕೊಟ್ಟ. ಕುಡಿದೆ.


ಆಗಸ್ಟ್ 3, ಭಾನುವಾರ

ಮತ್ತೆ ಡ್ಯೂಟಿಗೆ ಹೋಗಿ ಎರಡು ವಾರವಾಯಿತು. ಕೇಸು ನಿಝಾಮನ ಮೇಲೆ. ನಾನು ಸಾಕ್ಷಿ. ಅವನನ್ನು ಕೆಲಸದಿಂದ ತೆಗೆದಿದ್ದಾರೆ. ಹೊಸ ಕಂಡಕ್ಟರನ ಹೆಸರು ಕೇಳಿದೆ, ನೆನಪು ಉಳಿಯಲಿಲ್ಲ.

ಕಿವಿಯಲ್ಲಿ ಶಬ್ದ ಶುರುವಾಗಿದೆ. ಎಡದ್ದರಲ್ಲಿಯೇ. ಹೊರಗಿನದ್ದು ಏನೂ ಕೇಳದ ಕಿವಿಯಲ್ಲಿ, ಒಳಗಿನಿಂದ. ಸಪೂರ, ಉದ್ದ. ಉಸಿರು ತೆಗೆಯದೆ ಯಾರೋ ಊದುತ್ತಾ ಇದ್ದ ಹಾಗೆ. ಒಂದೇ. ಎರಡನೆಯದ್ದು ಬರುವುದಿಲ್ಲ. ಬೆಳಿಗ್ಗೆ ಏಳುವಾಗ ಅದು ನನಗಿಂತ ಮೊದಲು ಎದ್ದಿರ್ತದೆ.

ಶಾಲೆ ಸ್ಟಾಪಿನಲ್ಲಿ ಬ್ರೇಕಿನಿಂದ ಕಾಲು ತೆಗೆಯಲಿಕ್ಕೆ ಆಗುವುದಿಲ್ಲ. ಎಲ್ಲ ಇಳಿದ ಮೇಲೂ. ಐದು ಎಣಿಸಿ, ಹತ್ತು ಎಣಿಸಿ, ಇಪ್ಪತ್ತು. ನಿನ್ನೆ ಹಿಂದಿನಿಂದ ಒಬ್ಬರು ಎದ್ದು ಬಂದು ಭುಜ ಮುಟ್ಟಿ, "ಹೋಗುವ ಮಾರಾಯ" ಎಂದರು.

ಬಂಟ್ವಾಳ ಪೇಟೆಯಲ್ಲಿ 8.05ಕ್ಕೆ ಹತ್ತುವವರು ಯಾರೂ ಇರಲಿಲ್ಲ. ಆದರೂ ನಿಲ್ಲಿಸಿದೆ. ಮುಂದಿನ ಸೀಟಿನಲ್ಲಿ ಈಗ ಯಾರೂ ಕೂರುವುದಿಲ್ಲ. ನಿಂತು ಬರ್ತಾರೆ.

ದೊಡ್ಡಾಸ್ಪತ್ರೆಗೆ ಫೋನ್ ಮಾಡಿದೆ. ನಿಮಗಿಂತ ಮೊದಲು ಇನ್ನೂ ನೂರ ಹತ್ತು ಜನ ಇದ್ದಾರೆ ಎಂದರು.


ಸೆಪ್ಟೆಂಬರ್ 14, ಭಾನುವಾರ

ಬಿ.ಸಿ.ರೋಡಿನಲ್ಲಿ ನಿಝಾಮ್ ಸಿಕ್ಕಿದ. ಒಂದು ಗೋಡೌನಿನಲ್ಲಿ ಲೋಡಿಂಗ್ ಕೆಲಸ. ಸಿಮೆಂಟಿನ ಹುಡಿ ಹುಬ್ಬಿನಲ್ಲೂ ಇತ್ತು. ದೂರದಿಂದ ಕಂಡು ನಾನು ತಿರುಗಿದೆ. ಅವನೇ ಓಡಿ ಬಂದ. ಯಾವಾಗಿನ ಹಾಗೆ ಎಡಬದಿಯಲ್ಲಿ ನಿಂತ. ನಾನು ಸುತ್ತಿ ಬಂದು ಬಲಬದಿ ಮಾಡಿಕೊಂಡೆ.

"ಅಣ್ಣ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಾನು ಎರಡು ಊದಿದ್ದು ನಿಮಗೆ ಸರಿ ಕೇಳಿದೆ ಅಲ್ವಾ?"

ನಾನು ರಸ್ತೆಯ ಕಡೆ ನೋಡಿದೆ.

"ನನಗೆ ಒಂದೇ ನೆನಪು. ಟೀಚರಿನ ಒಂದು ಕಾಲು ಮೆಟ್ಟಿಲಲ್ಲಿ ಇತ್ತು, ನಾನು ಒಂದು ಊದಿದೆ, ತಡಿ ಅಂತ. ಅಷ್ಟೇ ನೆನಪಿರುವುದು. ಆದರೆ ನೀವು ಸುಳ್ಳು ಹೇಳುವ ಜನ ಅಲ್ಲ. ಹಾಗಾದ್ರೆ ನಾನೇ ಇನ್ನೊಂದು ಊದಿರಬೇಕು. ಗೊತ್ತಿಲ್ಲದೆ. ಹಾಗೆ ಆಗ್ತದಾ ಅಣ್ಣ?"

"ಆದದ್ದು ಆಯ್ತು," ಎಂದೆ. "ಅದನ್ನೇ ಯೋಚನೆ ಮಾಡ್ಬೇಡ."

ಈ ವಾಕ್ಯ ಬರೆಯುವಾಗ ಪೆನ್ನು ನಿಲ್ಲಿಸಿ ಕೂತೆ. ಇದನ್ನು ಹೇಳಿದ್ದು ನಾನು.

ಪ್ರತಿ ಶುಕ್ರವಾರ ನಮಾಜು ಮುಗಿಸಿ ಅವನು ಟೀಚರ ಮನೆಗೆ ಹೋಗ್ತಾನಂತೆ. ಅವರ ಯಜಮಾನರು ಶಿವಕೃಷ್ಣ ಮಾಸ್ಟ್ರು ಚಾವಡಿಯಲ್ಲಿ ಕೂರಿಸಿ ನೀರು ಬೆಲ್ಲ ಕೊಡ್ತಾರಂತೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಅರ್ಧ ಗಂಟೆ ಕೂತು ಬರ್ತಾನೆ.


ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಬಸ್ಸನ್ನು ಮನೆಯ ಹತ್ತಿರ ತಂದು ತೊಳೆದೆವು. ಗೊಂಡೆ ಹೂವಿನ ಮಾಲೆ, ಟಯರಿನ ಅಡಿಗೆ ಲಿಂಬೆ. ಪ್ರಾಪ್ತಿ ಸಹ ಬಾಲ್ದಿ ಹಿಡಿದು ಬಂದಳು. ಜೂನಿನಿಂದ ನನ್ನ ಹತ್ತಿರ ಅಗತ್ಯ ಇದ್ದರೆ ಮಾತ್ರ ಮಾತು. ಇವತ್ತು ಹತ್ತಿರ ಬಂದು ನಿಂತದ್ದು ಸಮಾಧಾನವಾಯಿತು. ನಾನು ಹೆಡ್‌ಲೈಟ್ ಉಜ್ಜುತ್ತಾ ಇದ್ದೆ. ತಲೆ ಎತ್ತಿದಾಗ ಅವಳು ಇರಲಿಲ್ಲ, ಬಾಲ್ದಿ ಇತ್ತು.

ಊಟದ ಹೊತ್ತಿಗೆ ಸರಸ ಕೇಳಿದಳು, "ಮಗಳು ಕೇಳಿದ್ದಕ್ಕೆ ಉತ್ತರ ಯಾಕೆ ಕೊಡಲಿಲ್ಲ?"

"ಎಂತ ಕೇಳಿದ್ದು?"

ಸರಸ ಅನ್ನದ ಸೌಟು ಕೆಳಗಿಟ್ಟಳು. "ನಿಮ್ಮ ಎಡಬದಿಯಲ್ಲಿ ನಿಂತು ಕೇಳಿದಳು. ನಿಝಾಮ್ ಊದಿದ್ದು ನಿಮಗೆ ಕೇಳಿತ್ತಾ ಪಪ್ಪ, ಅಂತ. ಎರಡು ಸಲ. ನನಗೆ ಬಾವಿಕಟ್ಟೆಗೆ ಕೇಳಿತು."

ಮಗಳು ಎಡಬದಿಯಲ್ಲೇ ನಿಂತದ್ದು ಯಾಕೆ ಎಂದು ಗೊತ್ತಾಯಿತು. ಸರಸಳಿಗೂ ಗೊತ್ತಾಯಿತು. ಅವಳು ನನ್ನ ಬಟ್ಟಲಿಗೆ ಸಾರು ಹಾಕಿದಳು.


ನವೆಂಬರ್ 6, ಗುರುವಾರ

ಶೋಧನ್ ಶೆಟ್ರು ಆಫೀಸಿಗೆ ಕರೆಸಿದರು. ಬಾಗಿಲು ಹಾಕಿ ಬಾ ಎಂದರು.

"ಕೇಸು ಕೋರ್ಟಿಗೆ ಬರ್ತದೆ. ನಿಝಾಮನಿಗೆ ಒಬ್ಬ ಚುರುಕು ವಕೀಲ ಸಿಕ್ಕಿದ್ದಾನೆ. ಡ್ರೈವರನ ಕಿವಿ ಪರೀಕ್ಷೆ ಮಾಡಿಸಿ ಅಂತ ಕೇಳಿದರೆ ಎಂತ ಮಾಡ್ತಿ?"

ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ನನ್ನ ಬಸ್ಸು. ನನಗೆ ಗೊತ್ತಾಗುವುದಿಲ್ಲವಾ?"

ಜೂನಿನ ಮೊದಲಾ ಆಮೇಲಾ ಎಂದು ಕೇಳಲಿಕ್ಕೆ ಧೈರ್ಯ ಬರಲಿಲ್ಲ. ಅವರೂ ಹೇಳಲಿಲ್ಲ.

"ಪ್ರೈವೇಟಿನಲ್ಲಿ ಮಾಡಿಸು. ಬಿಲ್ಲು ನನಗೆ. ಒಂದು ವಾರದಲ್ಲಿ ಮುಗೀತದೆ. ಸರ್ಕಾರಿ ಚೀಟಿ ಹರಿದು ಹಾಕು, ಪಟ್ಟಿಯಿಂದ ಹೆಸರು ತೆಗೆಸು. ಯಾವಾಗಿನಿಂದ ಅಂತ ಕೇಳಿದರೆ ಎರಡು ತಿಂಗಳು ಅಂತ ಹೇಳು. ಜೂನಿನ ಆಮೇಲೆ ಬಂದ ಕಾಯಿಲೆ, ಆಯ್ತಲ್ಲ."

ಒಂಬತ್ತು ತಿಂಗಳು ಕಾದದ್ದು ಇದಕ್ಕೇ. ಸೋಫಾ, ಮೀನಿನ ತೊಟ್ಟಿ, ಎದುರು ಬಂದು ನಿಂತಿದೆ. ಎಲುಬು ಉಳೀತದೆ. ಕೆಲಸ ಉಳೀತದೆ. ಕಿವಿಯೊಳಗಿನದ್ದು ಸಹ ನಿಲ್ಲಬಹುದು.

ಆಯ್ತು ಎಂದೆ. ಅಷ್ಟು ಸುಲಭದಲ್ಲಿ.


ನವೆ. 12

ಚೀಟಿ ಹರಿಯಲಿಕ್ಕೆ ಹುಡುಕಿದೆ. ಕಪಾಟಿನಲ್ಲಿ ಇಲ್ಲ. ಪ್ರಾಪ್ತಿಯ ಹತ್ತಿರ ಉಂಟು. ಕೇಳಲಿಲ್ಲ.


ನವೆಂಬರ್ 17, ಸೋಮವಾರ. ಬೆಳಿಗ್ಗೆ 10

ಅಡ್ಮಿಟ್. ಎರಡನೇ ಮಾಳಿಗೆ. ಬಿಳಿ ಬೆಡ್‌ಶೀಟ್, ಕಿಟಕಿಯಿಂದ ಮೂಡಬಿದ್ರೆ ಬಸ್‌ಸ್ಟ್ಯಾಂಡಿನ ಬದಿ ಕಾಣ್ತದೆ. ಸರಸ ಕುರ್ಚಿಯಲ್ಲಿ. ಮಧ್ಯಾಹ್ನ ಎರಡಕ್ಕೆ ಆಪರೇಷನ್. ಕಿವಿಯ ಹಿಂದೆ ಕೂದಲು ತೆಗೆದಾಯಿತು. ಗಾಳಿ ತಣ್ಣಗೆ ತಾಗುತ್ತದೆ.


ಅದೇ ದಿನ, ಸಂಜೆ. ಮನೆ

ನರ್ಸು ಫಾರ್ಮ್ ಹಿಡಿದು ಬಂದಳು. ಬ್ಯಾಡ್ಜಿನಲ್ಲಿ ದೀಕ್ಷಾ ಎಂದಿತ್ತು. ಬಲಬದಿಗೆ ಬಂದು ಕೂತು ನಿಧಾನ ಕೇಳಿದಳು. ಹೆಸರು, ಪ್ರಾಯ, ಶುಗರ್ ಉಂಟಾ.

"ಕಿವಿ ಯಾವಾಗಿನಿಂದ ಕೇಳುವುದಿಲ್ಲ?"

"ಎರಡು ತಿಂಗಳು."

ಅವಳು ಬರೆದುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಡಾಕ್ಟ್ರೇ ಬಂದರು, ಕೈಯಲ್ಲಿ ಸ್ಕ್ಯಾನ್. ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಇಲ್ಲಿ ಎಲುಬು ಇರಬೇಕಿತ್ತು, ಇಲ್ಲ. ಇಲ್ಲಿಯೂ ಇಲ್ಲ.

"ಇದು ಎರಡು ತಿಂಗಳಿನದ್ದಲ್ಲ. ಒಳಗೆ ಹೋಗುವವನು ನಾನು, ನನಗೆ ಸರಿಯಾದ್ದು ಗೊತ್ತಿರಬೇಕು. ಹೇಳಿ, ಯಾವಾಗಿನಿಂದ?"

ಅವರು ಬೈಯಲಿಲ್ಲ. ಸರಸ ನನ್ನನ್ನೇ ನೋಡ್ತಾ ಇದ್ದಳು.

"ಜೂನ್ ಹನ್ನೊಂದಕ್ಕೆ ಕೇಳ್ತಿರಲಿಲ್ಲ," ಎಂದೆ.

"ಜೂನ್ ಹನ್ನೊಂದಕ್ಕೆ ಎಂತ ಆಯ್ತು?"

ಎದ್ದು ಅಂಗಿ ಹಾಕಿಕೊಂಡೆ. ಇವತ್ತು ಬೇಡ ಡಾಕ್ಟ್ರೇ ಎಂದೆ. ಅವರು ತುಂಬ ಹೇಳಿದರು. ಹೀಗೇ ಬಿಟ್ಟರೆ ಬಾಯಿ ವಾರೆಯಾಗಬಹುದು, ಮೆದುಳಿಗೂ ಹೋಗಬಹುದು, ತಡ ಮಾಡಬೇಡಿ. ಸರಿ ಎಂದೆ. ಸರಸ ಕಂಬಳಿ ಮಡಚಿಟ್ಟಳು. ಚೀಲ ತೆಗೆದುಕೊಂಡು ನನ್ನ ಮುಂದೆ ನಡೆದಳು.


ನವೆಂಬರ್ 18, ಮಂಗಳವಾರ

ಫರಂಗಿಪೇಟೆಗೆ ಹೋದೆ. ಹೈವೇಯಿಂದ ಕೆಳಗೆ, ನದಿಯ ಕಡೆಗೆ ಇಳಿಯುವ ಓಣಿ. ನಿಝಾಮನ ಹೆಂಡತಿ ರಶೀನಾ ಬಾಗಿಲು ತೆರೆದಳು. ಅವನು ಕೆಲಸದಿಂದ ಆಗಷ್ಟೇ ಬಂದು ಕಾಲು ತೊಳೀತಾ ಇದ್ದ. ನನ್ನನ್ನು ಕಂಡು ಖುಷಿಯಾಯಿತು ಅವನಿಗೆ. ಅದನ್ನು ನೋಡಲಿಕ್ಕೆ ಕಷ್ಟವಾಯಿತು.

ಚಾ ಬರುವ ಮೊದಲೇ ಹೇಳಿದೆ. ಕಿವಿ, ಫೆಬ್ರವರಿಯ ಚೀಟಿ, ಕೃಷಿ ಎಂದು ಬರೆಸಿದ್ದು, ಮೇ 26, ಐದು ಎಣಿಸುವುದು. ಸ್ಟೇಷನ್ನಿನಲ್ಲಿ ಎರಡು ಎಂದದ್ದು. ಎಲ್ಲ.

ಅವನು ಟವೆಲ್ ಕೈಯಲ್ಲಿ ಹಿಡಿದೇ ಇದ್ದ.

"ಹಾಗಾದ್ರೆ ನಾನು ಒಂದೇ ಊದಿದ್ದಾ?"

"ನನಗೆ ಗೊತ್ತಿಲ್ಲ ನಿಝಾಮ್. ನನಗೆ ಏನೂ ಕೇಳಲಿಲ್ಲ. ನಿನಗೆ ನೆನಪಿರುವುದೇ ಸರಿ."

ಒಳಗಿನ ಬಾಗಿಲಿನಿಂದ ರಶೀನಾ ಮಾತಾಡಿದಳು. ನನ್ನ ಹತ್ತಿರ ಅಲ್ಲ, ಗೋಡೆಯ ಹತ್ತಿರ ಹೇಳಿದ ಹಾಗೆ. "ಐದು ತಿಂಗಳಿಂದ ಇವರು ನಿದ್ದೆಯಲ್ಲಿ ಲೆಕ್ಕ ಹೇಳ್ತಾರೆ. ಒಂದು, ಒಂದು, ಒಂದು. ಎರಡು ಅಂತ ಬರುವುದೇ ಇಲ್ಲ. ನಾನು ಎಬ್ಬಿಸ್ತೇನೆ."

ಅವನು ಕೂತ. ನನ್ನ ಮುಖ ನೋಡದೆ ಹೇಳಿದ, "ಅಣ್ಣ, ಟೀಚರ್ ನಿಮ್ಮನ್ನು ಕರೆದರು."

"ಯಾವಾಗ?"

"ಬಸ್ಸು ಹೊರಟಾಗ. ಕಂಬಿ ಹಿಡ್ಕೊಂಡು ಓಡಿದರು ಎರಡು ಹೆಜ್ಜೆ. ಸುಧಾಕರಾ, ಸುಧಾಕರಾ ಅಂತ. ಎರಡು ಸಲ. ಬಸ್ಸಿನಲ್ಲಿ ಆಗ ಮಕ್ಕಳದ್ದೇ ಗಲಾಟೆ, ನಾನು ಹತ್ತಿರ ಇದ್ದೆ, ನನಗೆ ಕೇಳಿತು. ಪೊಲೀಸರಿಗೆ ನಾನು ಇದನ್ನು ಹೇಳಲಿಲ್ಲ."

"ಯಾಕೆ?"

"ಹೆಸರು ಕರೆದದ್ದು ಕೇಳಿಯೂ ನೀವು ಬಿಟ್ಟಿರಿ ಅಂತ ಆಗ್ತದೆ ಅಲ್ವಾ. ನಿಮಗೆ ತೊಂದರೆ ಆಗ್ತದೆ ಅಂತ."

ಚಾ ಬಂತು. ಅವನ ಎದುರು ಒಂದು, ನನ್ನ ಎದುರು ಒಂದು. ಅವನು ನನ್ನ ಗ್ಲಾಸನ್ನು ತುಂಬ ಹೊತ್ತು ನೋಡಿದ.

"ನೀವಿನ್ನು ಹೋಗಿ," ಎಂದ. ಸ್ವರ ದೊಡ್ಡದು ಮಾಡಲಿಲ್ಲ. ಅಣ್ಣ ಎನ್ನಲಿಲ್ಲ.


ನವೆಂಬರ್ 24, ಸೋಮವಾರ

ಪ್ರಾಪ್ತಿಯ ಹತ್ತಿರ ಚೀಟಿ ಕೇಳಿದೆ. ಹರಿಯಲಿಕ್ಕಾ ಎಂದಳು. ಸ್ಟೇಷನ್ನಿಗೆ ಕೊಡಲಿಕ್ಕೆ ಎಂದೆ. ತಂದುಕೊಟ್ಟಳು. ಪುಸ್ತಕದ ನಡುವೆ ಇಟ್ಟಿದ್ದಳು, ಮಡಿಕೆ ಸಹ ಬಿದ್ದಿರಲಿಲ್ಲ. ಜೊತೆಗೆ ಬರ್ತೇನೆ ಎಂದಳು.

ಎಸ್‌ಐ ಎರಡು ಸಲ ಓದಿದರು. ಫೆಬ್ರವರಿ 20, ವಾಹನ ಬಿಡಬಾರದು, ದೊಡ್ಡಾಸ್ಪತ್ರೆಯ ಸೀಲು.

"ಗೊತ್ತುಂಟಲ್ಲ, ಇನ್ನು ಎಲ್ಲ ನಿನ್ನ ಮೇಲೆ ಬರ್ತದೆ. ಸುಳ್ಳು ಹೇಳಿಕೆ ಕೊಟ್ಟದ್ದು ಸಹ."

"ಗೊತ್ತುಂಟು ಸರ್."

ಹೊಸ ಹೇಳಿಕೆ. ಲೈಸೆನ್ಸ್ ಕೊಟ್ಟೆ. ಈ ಸಲ ಓದಿ ನೋಡಿ ಸಹಿ ಹಾಕಿದೆ.

ಶೋಧನ್ ಶೆಟ್ರಿಗೆ ಬಸ್ಸಿನ ಕೀ ಕೊಡಲಿಕ್ಕೆ ಹೋದೆ. ಮೇಜಿನ ಮೇಲೆ ಇಡು ಎಂದರು. ಅಷ್ಟೇ. ಮೆಟ್ಟಿಲಿಳಿದು ಬರುವಾಗ ಪ್ರಾಪ್ತಿ ನನ್ನ ಬಲಬದಿಗೆ ಬಂದು ನಡೆದಳು. ಏನೂ ಹೇಳಲಿಲ್ಲ. ಹೇಳಿದ್ದರೆ ಕೇಳ್ತಿತ್ತು.


ಡಿಸೆಂಬರ್ 29, ಸೋಮವಾರ

ಒಂದು ತಿಂಗಳಿಂದ ಬರೆಯಲಿಲ್ಲ. ಬರೆಯಲಿಕ್ಕೆ ದಿನ ಎಂಬುದೇ ಇರಲಿಲ್ಲ. ಬೆಳಿಗ್ಗೆ ಸರಸಳ ಜೊತೆ ಬೀಡಿ ಎಲೆ ಕತ್ತರಿಸ್ತೇನೆ. ಕೈಗೆ ಅಭ್ಯಾಸ ಆಗಲಿಲ್ಲ ಇನ್ನೂ. ಬಸ್ಸು ಹೋಗುವ ಹೊತ್ತಿಗೆ ಹಿತ್ತಿಲಿಗೆ ಹೋಗ್ತೇನೆ.

ನಿಝಾಮ್ ಬೆಳ್ತಂಗಡಿ ಲೈನಿನ ಒಂದು ಬಸ್ಸಿಗೆ ಸೇರಿದ್ದಾನಂತೆ. ವಿಸಿಲ್ ಊದುವುದಿಲ್ಲವಂತೆ. ಪ್ರತಿ ಸ್ಟಾಪಿನಲ್ಲಿ ಇಳಿದು, ಹಿಂದಿನ ಬಾಗಿಲಿನಿಂದ ಮುಂದೆ ನಡೆದು ಬಂದು, ಡ್ರೈವರನ ಕಿಟಕಿಗೆ ಬಡೀತಾನಂತೆ. ಟೈಮ್ ಆಗ್ತದೆ ಎಂದು ಜನ ಬೈತಾರಂತೆ.

ಇವತ್ತು ದೊಡ್ಡಾಸ್ಪತ್ರೆಯಿಂದ ಫೋನ್. ಜನವರಿ 20, ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಏಳಕ್ಕೆ ಬನ್ನಿ. ಒಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ. ಕೆಲಸ ಏನು ಎಂದು ಮತ್ತೆ ಕೇಳಿದರು. ಡ್ರೈವರ್ ಆಗಿದ್ದೆ ಎಂದೆ. ಸರಿ, ತಿದ್ದಿಕೊಳ್ತೇವೆ ಎಂದರು.

ಕೇಳುವುದು ವಾಪಸ್ ಬರುವುದು ಕಷ್ಟವಂತೆ, ತಡವಾಗಿದೆ. ಕಾಯಿಲೆ ನಿಲ್ಲಿಸಬಹುದು. ಒಳಗಿನ ಶಬ್ದ? ಅದು ಹೇಳಲಿಕ್ಕೆ ಬರುವುದಿಲ್ಲ, ಕೆಲವರಿಗೆ ಹೋಗ್ತದೆ, ಕೆಲವರಿಗೆ ಹಾಗೇ ಉಳೀತದೆ.

ಅದಕ್ಕೆ ಮೊದಲು ಒಂದು ಮನೆಗೆ ಹೋಗಬೇಕು.


ಜನವರಿ 4, 2026, ಭಾನುವಾರ

ಶಿವಕೃಷ್ಣ ಮಾಸ್ಟ್ರ ಮನೆಗೆ ಹೋಗಿ ಬಂದೆ. ಬಂಟ್ವಾಳ ಪೇಟೆಯ ಹಿಂದೆ. ಹನ್ನೊಂದು ವರ್ಷ ಆ ರಸ್ತೆಯ ತುದಿಯಲ್ಲಿ ಬಸ್ಸು ನಿಲ್ಲಿಸಿದ್ದೇನೆ, ಒಳಗೆ ಹೋದದ್ದು ಇವತ್ತೇ.

ಮೊದಲು ಹೇಳಬೇಕಾದ್ದನ್ನು ದಾರಿಯಿಡೀ ಬಾಯಿಪಾಠ ಮಾಡಿಕೊಂಡಿದ್ದೆ. ಪೊಲೀಸರಿಂದ ಅವರಿಗೆ ಇನ್ನೂ ಸುದ್ದಿ ಹೋಗಿರಲಿಲ್ಲ. ನಿಝಾಮ್ ಸಹ ಹೇಳಿರಲಿಲ್ಲ. ಅದು ಸುಧಾಕರನೇ ಬಂದು ಹೇಳಬೇಕಾದ್ದು ಎಂದು ಬಿಟ್ಟಿರಬೇಕು.

ಮಾಸ್ಟ್ರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. "ಸುಧಾಕರ ಅಲ್ವಾ? ಬಾ, ಕೂತುಕೋ." ನೀರು ಬೆಲ್ಲ ತಂದಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ನೀನು ಬಂದದ್ದು ಒಳ್ಳೆಯದಾಯಿತು. ಒಂದು ಕೇಳಲಿಕ್ಕಿತ್ತು. ಐದು ದಿನ ಆಸ್ಪತ್ರೆಯಲ್ಲಿ ಅವಳ ಬಾಯಿಯ ಹತ್ತಿರವೇ ಕಿವಿ ಇಟ್ಟು ಕೂತಿದ್ದೆ. ಒಂದಕ್ಷರ ಬರಲಿಲ್ಲ. ಆ ದಿನ ಬೆಳಿಗ್ಗೆ ಹೊರಡುವಾಗ ನಾನು ಪೇಪರ್ ಓದ್ತಾ ಇದ್ದೆ. ಬರ್ತೇನೆ ಎಂದಳಾ, ಕೊಡೆ ಎಲ್ಲಿ ಎಂದಳಾ, ಗಮನ ಕೊಡಲಿಲ್ಲ. ಮೂವತ್ತೊಂದು ವರ್ಷ ಕೇಳಿದ ಸ್ವರ, ಈಗ ನೆನಪು ಮಾಡಲಿಕ್ಕೆ ಕೂತರೆ ಸರಿಯಾಗಿ ಬರುವುದಿಲ್ಲ."

ನಾನು ನೀರಿನ ಲೋಟ ನೋಡ್ತಾ ಇದ್ದೆ.

"ಬೀಳುವಾಗ ಏನಾದರೂ ಹೇಳಿದಳಾ? ನಿಝಾಮನ ಹತ್ರ ಕೇಳಿದೆ. ಗೊತ್ತಿಲ್ಲ ಮಾಸ್ಟ್ರೇ ಎಂದ, ನೆಲ ನೋಡಿ ಹೇಳಿದ. ಅವನಿಗೆ ಗೊತ್ತುಂಟು."

"ಕರೆದರು," ಎಂದೆ.

"ಯಾರನ್ನು?"

"ನನ್ನನ್ನು. ನನ್ನ ಹೆಸರು. ಎರಡು ಸಲ."

ಅವರು ಕೋಪ ಮಾಡಿಕೊಳ್ತಾರೆ ಎಂದುಕೊಂಡೆ. ಹಾಗಾದರೆ ನಿಲ್ಲಿಸಲಿಲ್ಲ ಯಾಕೆ ಎಂದು ಕೇಳ್ತಾರೆ, ಆಗ ಎಲ್ಲ ಹೇಳುವುದು ಎಂದು ತಯಾರಾಗಿದ್ದೆ. ಅವರು ಅದನ್ನು ಕೇಳಲಿಲ್ಲ. ಕುರ್ಚಿಯನ್ನು ಎಳೆದು ನನ್ನ ಹತ್ತಿರ ತಂದರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು.

"ಹೇಗೆ ಕರೆದಳು ಹೇಳು. ಹೆದರಿದ್ದಳಾ? ಶಾಲೆಯ ಮಕ್ಕಳನ್ನು ಕರೆಯುವ ಹಾಗೆ ಗಟ್ಟಿಯಾಗಿಯಾ, ಅಲ್ಲ ಮನೆಯಲ್ಲಿ ಕರೆಯುವ ಹಾಗೆಯಾ? ನಿನ್ನನ್ನು ಕರೆದದ್ದಲ್ಲವಾ. ನಿನಗೆ ಗೊತ್ತಿರ್ತದೆ. ಸ್ವರ ಹೇಗಿತ್ತು ಅಷ್ಟು ಹೇಳು, ನನಗೆ ಬೇರೆ ಏನೂ ಬೇಡ."

ಕಣ್ಣು ಮುಚ್ಚಿಕೊಂಡರು. ಕೇಳಲಿಕ್ಕೆ.

ಮಾಸ್ಟ್ರೇ, ಎಂದೆ. ಅವರು ಕಾಯ್ತಾ ಇದ್ದರು. ಮಾಸ್ಟ್ರೇ, ನನಗೆ ಕೇಳಲಿಲ್ಲ.